ಮಾವನ ಟ್ರೇಲರಿಗೆ ಯಾವ ಗಾಡಿ?

ಡೊಂಬಿವಲಿಯಲ್ಲಿ ಮೂವತ್ತೈದು ವರ್ಷ ಹೋಟೆಲು ನಡೆಸಿದ ನನ್ನ ಸೋದರಮಾವ ಕಳೆದ ವರ್ಷ ಗಲ್ಲಾಪೆಟ್ಟಿಗೆಯನ್ನು ಮಗನಿಗೆ ಒಪ್ಪಿಸಿದರು. ಒಪ್ಪಿಸಿ ಮೂರು ತಿಂಗಳಾಗುವಷ್ಟರಲ್ಲಿ ಅವರಿಗೊಂದು ಆಸೆ ಹುಟ್ಟಿತು. ಪನವೇಲಿನ ಆಚೆ ಯಾರದೋ ತೋಟದಲ್ಲಿ ಇಪ್ಪತ್ತನಾಲ್ಕು ಅಡಿ ಉದ್ದದ, ಎರಡು ಅಚ್ಚಿನ ಕಾರವಾನ್ ಟ್ರೇಲರ್ ಒಂದು ಮಾರಾಟಕ್ಕಿತ್ತು. ಒಳಗೆ ಎರಡು ಮಂಚ, ಅಡುಗೆಕಟ್ಟೆ, ಶೌಚಾಲಯ, ಎ.ಸಿ. ಎಲ್ಲ ಇವೆ. ನಮ್ಮ ಅತ್ತೆಗೆ ಮಂಡಿನೋವು. ಊರಿಗೆ ಹೋಗುವ ದಾರಿಯುದ್ದಕ್ಕೂ ಅವರನ್ನು ಕಾಡುವ ಚಿಂತೆ ಒಂದೇ, ಮುಂದಿನ ಸ್ವಚ್ಛ ಶೌಚಾಲಯ ಎಲ್ಲಿ ಸಿಗುತ್ತದೆ ಎಂಬುದು. ಈ ಚಿಂತೆಗೆ ಪರಿಹಾರ ಸಿಕ್ಕಿತು ಎಂದುಕೊಂಡ ಮಾವ, ತಮ್ಮ ಬಳಿಯಿದ್ದ ದೊಡ್ಡ ಡೀಸೆಲ್ ಎಸ್‌ಯುವಿಗೆ ಆ ಟ್ರೇಲರನ್ನು ಕಟ್ಟಿಕೊಂಡು ಕುಂದಾಪುರಕ್ಕೆ, ಕೊಲ್ಲೂರಿಗೆ, ಆಮೇಲೆ ಮನಸ್ಸು ಬಂದಲ್ಲಿಗೆ ಹೋಗುವ ಲೆಕ್ಕ ಹಾಕಿದರು. ಮಾರುವವನು ಹೇಳಿದ್ದನಂತೆ, ದೊಡ್ಡ ಎಸ್‌ಯುವಿ ಯಾವುದಾದರೂ ಸರಿ, ಆರಾಮಾಗಿ ಎಳೆಯುತ್ತದೆ ಎಂದು.

ಒಂದು ರಾತ್ರಿ ನನಗೆ ಫೋನು. "ಎಂತ ಹೆಣೆ, ನೀನು ಗಾಡಿ ಪುಸ್ತಕ ಎಲ್ಲ ಕನ್ನಡಕ್ಕೆ ಮಾಡಿದ್ದಿ ಅಲ್ದಾ? ನಮ್ಮ ಗಾಡಿಗೆ ಆ ಟ್ರೇಲರ್ ಎಳುಕೆ ಆತ್ತಾ ಇಲ್ಯಾ, ಒಂಚೂರು ಕಂಡ್ ಹೇಳ್."

ಅನುವಾದ ನನ್ನ ಹೊಟ್ಟೆಪಾಡು. ಔಷಧದ ಚೀಟಿ, ಬ್ಯಾಂಕಿನ ಷರತ್ತು, ವಾಷಿಂಗ್ ಮಷೀನಿನ ಕೈಪಿಡಿ, ಬಂದದ್ದೆಲ್ಲ ಮಾಡುತ್ತೇನೆ. ಎರಡು ವರ್ಷದ ಹಿಂದೆ ಒಂದು ವಾಹನದ ಕೈಪಿಡಿಯನ್ನೂ ಮಾಡಿದ್ದೆ. ಮಾವನ ಪ್ರಶ್ನೆಗೆ ಉತ್ತರ ಹುಡುಕಲು ಆ ಹಳೆಯ ಕಡತ ತೆರೆದೆ. ಎಳೆಯುವ ವಿಷಯಕ್ಕೆ ಒಂದು ಪುಟ ಮೀಸಲಿತ್ತು. ಅದರ ನಡುವೆ ನನ್ನದೇ ಅಕ್ಷರಗಳು: "ಎಳೆಯುವ ಸಾಮರ್ಥ್ಯ". ಟೋಯಿಂಗ್ ಕೆಪಾಸಿಟಿ ಎಂಬುದಕ್ಕೆ ನಾನು ಕೊಟ್ಟ ಕನ್ನಡ ಅದು. ಏಜೆನ್ಸಿಯ ಪದಪಟ್ಟಿಯಲ್ಲಿ ಕೆಪಾಸಿಟಿ ಎಂದರೆ ಸಾಮರ್ಥ್ಯ ಎಂದೇ ಇತ್ತು. ನಾನು ಎರಡನೇ ಸಲ ಯೋಚಿಸಿರಲಿಲ್ಲ.

ಈಗ ಯೋಚಿಸುವ ಸರದಿ ಬಂತು. ಕನ್ನಡದಲ್ಲಿ ಸಾಮರ್ಥ್ಯ ಎಂದರೆ ಶಕ್ತಿ, ಅದೊಂದು ಹೊಗಳಿಕೆಯ ಮಾತು. "ಅವನು ಸಮರ್ಥ" ಎಂದರೆ ಇನ್ನೂ ಸ್ವಲ್ಪ ಭಾರ ಹೇರಿದರೂ ತಡೆದುಕೊಳ್ಳುತ್ತಾನೆ ಎಂಬ ಭರವಸೆಯೂ ಅದರಲ್ಲಿದೆ. ಲಿಫ್ಟಿನೊಳಗೆ "ಸಾಮರ್ಥ್ಯ 6 ಜನ" ಎಂದು ಬರೆದಿದ್ದರೂ ಅದನ್ನು ನಾವು ಗಡಿ ಎಂದು ಓದುತ್ತೇವೆ, ಏಕೆಂದರೆ ಏಳನೆಯವರು ಕಾಲಿಟ್ಟ ಕೂಡಲೇ ಅದು ಕಿರುಚುತ್ತದೆ. ಕಾರು ಕಿರುಚುವುದಿಲ್ಲ. 2500 ಕೆಜಿ ಎಂದು ಬರೆದ ಕಡೆ 3000 ಕೆಜಿ ಕಟ್ಟಿದರೂ ಎಂಜಿನ್ ಮಾತಾಡದೆ ಎಳೆಯುತ್ತದೆ. ಅದರ ಮಾತು ಕೇಳಿಸುವುದು ಇಳಿಜಾರಿನಲ್ಲಿ.

ಈ ಬರಹದಲ್ಲಿ ನಾನು ಹೇಳಹೊರಟಿರುವುದು ಇಷ್ಟೆ. ದೊಡ್ಡ ಟ್ರೇಲರಿಗೆ ಗಾಡಿ ಆರಿಸುವವರು ಕೇಳುವ ಮೊದಲ ಪ್ರಶ್ನೆ "ಎಳೆಯುತ್ತದಾ?" ಎಂಬುದು. ಅದು ಸುಲಭದ ಪ್ರಶ್ನೆ, ಹೆಚ್ಚುಕಡಿಮೆ ಯಾವಾಗಲೂ ಉತ್ತರ ಹೌದು. ಕೇಳಬೇಕಾದದ್ದು "ತಡೆದು ನಿಲ್ಲಿಸುತ್ತದಾ?" ಎಂದು. ಮುಂಬಯಿಯಲ್ಲಿ ಇರುವವರಿಗಂತೂ ಈ ಪ್ರಶ್ನೆ ತಪ್ಪಿದ್ದಲ್ಲ, ಏಕೆಂದರೆ ಈ ಊರಿನಿಂದ ದಕ್ಷಿಣಕ್ಕೋ ಪೂರ್ವಕ್ಕೋ ದೂರ ಹೊರಟರೆ ಘಟ್ಟ ಎದುರಾಗುತ್ತದೆ.

ಘಟ್ಟದ ಲೆಕ್ಕಕ್ಕೆ ಬರುವ ಮುನ್ನ ತೂಕ. ಮಾರುವವನು ಕೊಟ್ಟ ಕಾಗದದಲ್ಲಿ ಟ್ರೇಲರಿನ ತೂಕ 1900 ಕೆಜಿ ಎಂದಿತ್ತು. ನಾನು ಹಟ ಹಿಡಿದು, ಅವನದೇ ಗಾಡಿಯಲ್ಲಿ ಅದನ್ನು ಕಳಂಬೋಲಿಗೆ ತರಿಸಿದೆ. ಉಕ್ಕಿನ ಮಾರುಕಟ್ಟೆ ಇರುವ ಊರು. ಲಾರಿಗಳನ್ನು ತೂಗುವ ಕಾಟಾಗಳಿಗೆ ಅಲ್ಲಿ ಬರವಿಲ್ಲ. ನೀರಿನ ಟ್ಯಾಂಕು ತುಂಬಿಸಿ, ಗ್ಯಾಸ್ ಸಿಲಿಂಡರ್, ಬ್ಯಾಟರಿ, ಹಾಸಿಗೆ ಎಲ್ಲ ಒಳಗಿಟ್ಟೇ ಹತ್ತಿಸಿದೆವು. ಚೀಟಿ ಬಂತು: 2640 ಕೆಜಿ. ಕಾಗದದಲ್ಲಿದ್ದದ್ದು ಕಾರ್ಖಾನೆಯಿಂದ ಹೊರಬಿದ್ದ ದಿನದ ತೂಕ. ಆಮೇಲೆ ಯಾರೋ ಎ.ಸಿ. ಕೂರಿಸಿದ್ದಾರೆ, ದಪ್ಪ ಪ್ಲೈವುಡ್ಡಿನ ಕಪಾಟು ಮಾಡಿಸಿದ್ದಾರೆ, ದೊಡ್ಡ ಟ್ಯಾಂಕು ಹಾಕಿಸಿದ್ದಾರೆ. ಒಂದು ಲೀಟರ್ ನೀರಿಗೆ ಒಂದು ಕೆಜಿ ತೂಕ ಎಂಬುದು ಎಲ್ಲರಿಗೂ ಗೊತ್ತು, ಟ್ಯಾಂಕು ಕೊಳ್ಳುವಾಗ ಮಾತ್ರ ಮರೆತುಹೋಗುತ್ತದೆ.

ಮಾವನ ಕಾರಿನ ಖಾಲಿ ತೂಕ 2150 ಕೆಜಿ. ಅಂದರೆ ಹಿಂದೆ ಬರುವುದು ಮುಂದೆ ಹೋಗುವುದಕ್ಕಿಂತ 490 ಕೆಜಿ ಹೆಚ್ಚು. ಬ್ರಿಟನ್ನಿನಲ್ಲಿ ಕಾರವಾನ್ ಎಳೆಯಲು ಹೊಸದಾಗಿ ಕಲಿಯುವವರಿಗೆ ಹೇಳಿಕೊಡುವ ಒಂದು ಸರಳ ಸೂತ್ರವಿದೆ: ತುಂಬಿದ ಟ್ರೇಲರಿನ ತೂಕ ಕಾರಿನ ತೂಕದ ಶೇ. 85ನ್ನು ದಾಟದಿರಲಿ. ಮಾವನ ಕಾರಿಗೆ ಅದು ಸುಮಾರು 1830 ಕೆಜಿ ಆಗುತ್ತದೆ. ಈ ಸೂತ್ರವನ್ನು ತಿರುಗಿಸಿ ಹಾಕಿದರೆ, 2640 ಕೆಜಿಯ ಟ್ರೇಲರಿಗೆ 3100 ಕೆಜಿ ತೂಗುವ ಕಾರು ಬೇಕು. ನಮ್ಮ ರಸ್ತೆಗಳಲ್ಲಿ ಸಾಮಾನ್ಯವಾಗಿ ಕಾಣುವ ದೊಡ್ಡ ಎಸ್‌ಯುವಿಗಳು ಎರಡು ಟನ್ನಿನ ಆಚೀಚೆ ಇರುವಂಥವು. ಸೂತ್ರ ಕಾನೂನಲ್ಲ, ಅನುಭವಿಗಳು ಅದನ್ನು ಮೀರುವುದುಂಟು. ಆದರೆ ಅರವತ್ತನಾಲ್ಕನೆಯ ವಯಸ್ಸಿನಲ್ಲಿ ಮೊದಲ ಸಲ ಟ್ರೇಲರ್ ಎಳೆಯಹೊರಟವರನ್ನು ಅನುಭವಿಗಳು ಎನ್ನಲಾಗದು.

ಎರಡನೆಯದು ಕೊಂಡಿಯ ಮೇಲಿನ ಭಾರ. ಇಲ್ಲಿ ನನಗೆ ಇಂಗ್ಲಿಷಿನ ಪದಗಳಿಗಿಂತ ನಮ್ಮ ಎತ್ತಿನ ಗಾಡಿಯ ಪದಗಳೇ ಹೆಚ್ಚು ಸಹಾಯ ಮಾಡಿದವು. ಎತ್ತಿನ ಗಾಡಿಗೆ ಹೊರೆ ಏರಿಸುವವರು ಮುಂಭಾರ, ಹಿಂಭಾರ ಎಂಬ ಎರಡು ಮಾತನ್ನು ಬಳಸುತ್ತಾರೆ. ಹೊರೆ ಮುಂದಕ್ಕೆ ಹೆಚ್ಚಾದರೆ ಮೂಕಿ ಕೆಳಗೆ ಒತ್ತಿ ನೊಗ ಎತ್ತುಗಳ ಕತ್ತನ್ನು ಅಮುಕುತ್ತದೆ. ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲೆದ್ದು ನೊಗ ಎತ್ತುಗಳ ಕೊರಳನ್ನು ಎಳೆಯುತ್ತದೆ. ಎರಡರ ನಡುವೆ, ಸ್ವಲ್ಪ ಮುಂಭಾರವೇ ಇರುವಂತೆ ಹೇರುವುದರಲ್ಲಿ ಗಾಡಿ ಹೊಡೆಯುವವನ ಜಾಣತನ. ಕಾರವಾನಿಗೂ ಇದೇ ನ್ಯಾಯ. ಟ್ರೇಲರಿನ ಒಟ್ಟು ತೂಕದ ಸುಮಾರು ಹತ್ತನೆಯ ಒಂದು ಪಾಲು ಕಾರಿನ ಹಿಂದಿನ ಕೊಂಡಿಯ ಮೇಲೆ ಕೂರಬೇಕು. ಅಮೆರಿಕದಲ್ಲಿ ಶೇ. 10ರಿಂದ 15 ಎನ್ನುತ್ತಾರೆ, ಯುರೋಪಿನಲ್ಲಿ ಇದಕ್ಕಿಂತ ಕಡಿಮೆ. ಹಿಂಭಾರವಾದರೆ ವೇಗ ಏರಿದಂತೆ ಟ್ರೇಲರ್ ಹಾವಿನ ಬಾಲದಂತೆ ಅತ್ತಿತ್ತ ಹೊಡೆದುಕೊಳ್ಳಲು ತೊಡಗುತ್ತದೆ. ದೊಡ್ಡ ಬಸ್ಸೊಂದು ಪಕ್ಕದಲ್ಲಿ ರಭಸದಿಂದ ದಾಟಿದಾಗ ಬೀಸುವ ಗಾಳಿಯೇ ಅದಕ್ಕೆ ಸಾಕು. ಒಮ್ಮೆ ಅದು ಶುರುವಾದರೆ ಎಂಜಿನ್ನಿನ ಶಕ್ತಿ ಉಪಯೋಗಕ್ಕೆ ಬರುವುದಿಲ್ಲ.

2640ರ ಹತ್ತನೆಯ ಒಂದು ಪಾಲು 264 ಕೆಜಿ. ಈ ಭಾರ ಹೊರುವುದು ಕಾರು. ಹಾಗಾಗಿ ಕಾರು ಹೊರಬಹುದಾದ ತೂಕದಲ್ಲಿ ಇದನ್ನು ಕಳೆಯಬೇಕು. ಮಾವನ ಕಾರಿನ ಅನುಮತಿಸಿದ ಒಟ್ಟು ತೂಕದಿಂದ ಖಾಲಿ ತೂಕ ಕಳೆದರೆ ಉಳಿದದ್ದು 550 ಕೆಜಿ. ಕೊಂಡಿಯ ಭಾರ ಕಳೆದರೆ 286. ಮಾವ, ಅತ್ತೆ, ಮಗ, ಸೊಸೆ ಕುಳಿತರೆ 280. ಮಿಕ್ಕಿದ್ದು ಆರು ಕೆಜಿ. ಊರಿನಿಂದ ಬರುವಾಗ ಅತ್ತೆ ತರುವ ಕುಚ್ಚಲಕ್ಕಿ ಚೀಲ ಒಂದೇ ಇದಕ್ಕಿಂತ ಭಾರ. ಅಂದರೆ ಎಳೆಯುವ ಅಂಕಿ ಎಷ್ಟೇ ದೊಡ್ಡದಿರಲಿ, ಬಹಳಷ್ಟು ಕುಟುಂಬಗಳು ಮೊದಲು ಮುಗ್ಗರಿಸುವುದು ಹೊರುವ ಅಂಕಿಯಲ್ಲಿ. ಶೋರೂಮಿನಲ್ಲಿ ಯಾರೂ ಇದನ್ನು ಕೇಳುವುದಿಲ್ಲ, ಹಾಗಾಗಿ ಯಾರೂ ಹೇಳುವುದೂ ಇಲ್ಲ.

ಇನ್ನು ಘಟ್ಟ. ಕಳಂಬೋಲಿಯ ಕಾಟಾದ ಬಳಿ ಸರದಿಯಲ್ಲಿ ನಿಂತಿದ್ದ ಕಂಟೇನರ್ ಟ್ರೇಲರಿನ ಚಾಲಕರೊಬ್ಬರು ನಮ್ಮ ಕನ್ನಡ ಕೇಳಿ ಹತ್ತಿರ ಬಂದರು. ವಿಜಯಪುರದ ಕಡೆಯವರು, ನ್ಹಾವಾ ಶೇವಾ ಬಂದರಿನಿಂದ ಪುಣೆಯ ಕಡೆಗೆ ಹೋಗಿಬರುವವರು. ಮಾವನ ಯೋಜನೆ ಕೇಳಿಸಿಕೊಂಡು, ನಗದೆ ಹೇಳಿದರು: "ಎಳಿಯೂದು ಏನ್ ದೊಡ್ಡ ಮಾತಲ್ರೀ. ಇಳಿಯೂದು ನೋಡ್ರಿ. ಯಾವ ಗೇರ್‌ನ್ಯಾಗ ಏರ್ತೀರಿ, ಅದೇ ಗೇರ್‌ನ್ಯಾಗ ಇಳೀಬೇಕು. ಬ್ರೇಕ್ ಮ್ಯಾಲೆ ಕಾಲಿಟ್ಕೊಂಡು ಇಳದ್ರ ಅರ್ಧಕ್ಕ ಬ್ರೇಕ್ ಸತ್ತು ಹೋಗ್ತಾವ."

ಅವರ ಮಾತನ್ನು ಲೆಕ್ಕಕ್ಕೆ ಇಳಿಸಿ ನೋಡಿದೆ. ಲೋಣಾವಳ ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲಿದೆ. ಅಲ್ಲಿಂದ ಬೋರ್ ಘಾಟ್ ಇಳಿದು ಖೋಪೋಲಿ ಸೇರುವಷ್ಟರಲ್ಲಿ ಸುಮಾರು 550 ಮೀಟರ್ ಕೆಳಗೆ ಬಂದಿರುತ್ತೇವೆ. ಕಾರು, ಟ್ರೇಲರ್, ಜನ, ಸಾಮಾನು ಸೇರಿ 5150 ಕೆಜಿ ಎಂದಿಟ್ಟುಕೊಳ್ಳಿ. ಆ ತೂಕ ಅಷ್ಟು ಎತ್ತರದಿಂದ ಇಳಿಯುವಾಗ ಬಿಡುಗಡೆಯಾಗುವ ಶಕ್ತಿಯಲ್ಲಿ ಸುಮಾರು 95 ಲೀಟರ್ ನೀರನ್ನು 30 ಡಿಗ್ರಿಯಿಂದ ಕುದಿಯುವ ತನಕ ಕಾಯಿಸಬಹುದು. ಕಾರು ಒಂದೇ ಆಗಿದ್ದರೆ 46 ಲೀಟರ್. ಒಂದಷ್ಟು ಪಾಲನ್ನು ಗಾಳಿ ಮತ್ತು ಟಯರುಗಳು ತಿನ್ನುತ್ತವೆ. ಉಳಿದದ್ದನ್ನು ಎಂಜಿನ್ ತಡೆಯಬೇಕು, ಇಲ್ಲವೇ ಬ್ರೇಕುಗಳು ಬಿಸಿಯಾಗಿ ನುಂಗಬೇಕು. ಮಾವನಿಗೆ ಇದನ್ನು ಹೇಳಿದಾಗ ಅವರ ಮುಖ ಮೊದಲ ಬಾರಿಗೆ ಗಂಭೀರವಾಯಿತು. ಹೋಟೆಲಿನ ಹಂಡೆಯಲ್ಲಿ ಅಷ್ಟು ನೀರು ಕುದಿಸಲು ಎಷ್ಟು ಗ್ಯಾಸ್ ಬೇಕೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಅದಕ್ಕೇ ದೊಡ್ಡ ಟ್ರೇಲರಿಗೆ ತನ್ನದೇ ಬ್ರೇಕ್ ಇರಬೇಕು. ಯುರೋಪಿನಲ್ಲಿ 750 ಕೆಜಿ ದಾಟಿದ ಟ್ರೇಲರಿಗೆ ಅದು ಕಡ್ಡಾಯ. ಕಾರು ನಿಧಾನವಾದಾಗ ಟ್ರೇಲರ್ ಹಿಂದಿನಿಂದ ಒತ್ತುತ್ತದಲ್ಲ, ಆ ಒತ್ತಡದಿಂದಲೇ ಕೆಲಸ ಮಾಡುವ ಬ್ರೇಕು ಒಂದು ಬಗೆ. ಕಾರಿನೊಳಗಿನ ಗುಂಡಿಯಿಂದ ನಡೆಸುವ ವಿದ್ಯುತ್ ಬ್ರೇಕು ಇನ್ನೊಂದು ಬಗೆ. ಮಾವನಿಗೆ ತೋರಿಸಿದ ಟ್ರೇಲರಿನಲ್ಲಿ ಮೊದಲನೆಯ ಬಗೆಯದು ಇತ್ತು. ಕೆಳಗೆ ಬಗ್ಗಿ ನೋಡಿದರೆ ಅದರ ತಂತಿಯನ್ನು ಬಿಚ್ಚಿ ಸುತ್ತಿ ಕಟ್ಟಿದ್ದರು. ಹಿಂದಕ್ಕೆ ತೆಗೆಯುವಾಗ ಹಿಡಿದುಕೊಳ್ಳುತ್ತಿತ್ತಂತೆ, ಅದಕ್ಕೆ ಬಿಚ್ಚಿಸಿದೆವು ಎಂದ ಮಾರುವವನು. ಮಳೆಗಾಲದಲ್ಲಿ ಕೊಡೆ ಭಾರವೆಂದು ಮನೆಯಲ್ಲಿಟ್ಟು ಹೋದ ಹಾಗೆ.

ಮುಂಬಯಿಯಿಂದ ಹೊರಟವರಿಗೆ ಇನ್ನೊಂದು ವಿಷಯವಿದೆ. ಹೋಗುವಾಗ ಬೋರ್ ಘಾಟನ್ನು ಏರುತ್ತೇವೆ. ಗಾಡಿ ಹೊಸದಾಗಿ ತೊಳೆದಿರುತ್ತದೆ, ಚಾಲಕ ನಿದ್ದೆ ಮಾಡಿ ಎದ್ದಿರುತ್ತಾನೆ. ಎಂಜಿನ್ ಬಿಸಿಯಾದರೆ ಬದಿಗೆ ನಿಲ್ಲಿಸಿದರಾಯಿತು. ಇಳಿಯುವುದು ವಾಪಸು ಬರುವಾಗ, ಪ್ರವಾಸದ ಕೊನೆಯ ದಿನ, ನಾಳೆ ಕೆಲಸವಿದೆ ಎಂಬ ಅವಸರದಲ್ಲಿ, ಹೆಚ್ಚಾಗಿ ಕತ್ತಲಲ್ಲಿ. ಹುಬ್ಬಳ್ಳಿಯ ಮೇಲೆ ಕರಾವಳಿಗೆ ಇಳಿಯುವವರಿಗೆ ಯಲ್ಲಾಪುರ ಮತ್ತು ಅಂಕೋಲದ ನಡುವಿನ ಅರಬೈಲು ಘಟ್ಟವೂ ಹೀಗೆಯೇ, ಇಡೀ ದಿನ ಓಡಿಸಿದ ಮೇಲೆ ಸಿಗುವ ಇಳಿಜಾರು. ಏರುವಾಗ ಗಾಡಿ ಸೋತರೆ ಮರ್ಯಾದೆ ಹೋಗುತ್ತದೆ. ಇಳಿಯುವಾಗ ಸೋತರೆ ಹೋಗುವುದು ಅದಲ್ಲ.

ರೈಲಿನವರು ಇದನ್ನು ಬಹಳ ಹಿಂದೆಯೇ ಅರ್ಥ ಮಾಡಿಕೊಂಡಿದ್ದರು. ಬೋರ್ ಘಾಟಿನ ರೈಲುಹಾದಿ ಓಡಾಟಕ್ಕೆ ತೆರೆದದ್ದು 1863ರಲ್ಲಿ. ಅಲ್ಲಿನ ಅತಿ ಕಡಿದಾದ ಏರು 37 ಅಡಿಗೆ ಒಂದು ಅಡಿ. ರಸ್ತೆಯವರಿಗೆ ಇದು ಏರೇ ಅಲ್ಲ ಎನಿಸಬಹುದು. ಆದರೂ ಕರ್ಜತ್‌ನಲ್ಲಿ ರೈಲಿನ ಹಿಂದೆ ಹೆಚ್ಚುವರಿ ಎಂಜಿನ್‌ಗಳನ್ನು ಜೋಡಿಸಿ ತಳ್ಳಿಸುತ್ತಾರೆ. ಈ ಸಾಲಿನಲ್ಲಿ ಓಡಾಡಿದವರೆಲ್ಲ ಕರ್ಜತ್‌ನ ಆ ನಿಲುಗಡೆಯನ್ನೂ ಬಟಾಟೆವಡೆಯನ್ನೂ ಬಲ್ಲರು. ಇಳಿಯುವ ಹಾದಿಯಲ್ಲಿ ಹತೋಟಿ ತಪ್ಪಿದ ರೈಲನ್ನು ಮುಖ್ಯ ಹಾದಿಯಿಂದ ಹೊರಗೆ ತಿರುಗಿಸಿ ಏರಿನ ಮೇಲೆ ಹತ್ತಿಸಿ ನಿಲ್ಲಿಸುವ ತಡೆಹಳಿಗಳನ್ನು ಕಟ್ಟಿದ್ದಾರೆ. ಏರುವುದಕ್ಕೆ ಇನ್ನಷ್ಟು ಎಂಜಿನ್ ಜೋಡಿಸಿದರೆ ಸಾಕಾಯಿತು. ಇಳಿಯುವುದಕ್ಕೆ ಎಲ್ಲ ತಪ್ಪಿದ ಮೇಲೂ ಒಂದು ದಾರಿ ಬೇಕು ಎಂದು ಯೋಚಿಸಬೇಕಾಯಿತು.

ಮಾವ ಸುಮ್ಮನೆ ಒಪ್ಪುವವರಲ್ಲ. ಅವರ ವಾದದಲ್ಲಿ ಹುರುಳಿಲ್ಲದೆಯೂ ಇರಲಿಲ್ಲ. ಕಬ್ಬಿನ ಹಂಗಾಮಿನಲ್ಲಿ ಬೆಳಗಾವಿ, ಬಾಗಲಕೋಟೆ, ಕೊಲ್ಹಾಪುರದ ರಸ್ತೆಗಳಲ್ಲಿ ಒಂದು ಟ್ರ್ಯಾಕ್ಟರು ಎರಡು ಟ್ರೇಲರ್ ತುಂಬ ಕಬ್ಬು ಎಳೆದುಕೊಂಡು ಹೋಗುವುದಿಲ್ಲವೇ? ಹೋಗುತ್ತದೆ. ಸಣ್ಣ ಏರು ಬಂದರೂ ಅದರ ಮುಂದಿನ ಗಾಲಿಗಳು ನೆಲ ಬಿಟ್ಟು ಮೇಲೇಳುವುದನ್ನೂ ನೋಡಿದ್ದೇವೆ. ಅದು ನಡೆಯುವುದು ಬಯಲುಸೀಮೆಯಲ್ಲಿ, ಸೈಕಲ್ಲಿನ ವೇಗದಲ್ಲಿ. ಹಾಗಿದ್ದೂ ಪ್ರತಿ ಹಂಗಾಮಿನಲ್ಲಿ ಮಗುಚಿದ ಕಬ್ಬಿನ ಟ್ರೇಲರುಗಳು ರಸ್ತೆಬದಿಯಲ್ಲಿ ಬಿದ್ದಿರುತ್ತವೆ. ಅದೇ ಭಂಡಧೈರ್ಯವನ್ನು ಎಕ್ಸ್‌ಪ್ರೆಸ್‌ವೇಯ ವೇಗಕ್ಕೆ ತಂದರೆ ಏನಾದೀತು?

ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಜನ ಎಳೆಯುವುದಿಲ್ಲವೇ ಎಂದರು. ಎಳೆಯುತ್ತಾರೆ, ಅಂಕಿ ಇಟ್ಟುಕೊಂಡು ಎಳೆಯುತ್ತಾರೆ. ಪುಣೆಯ ಬಳಿಯ ಚಾಕಣದಲ್ಲಿ ತಯಾರಾಗುವ ಮಹೀಂದ್ರ ಸ್ಕಾರ್ಪಿಯೊ-ಎನ್ ಆಸ್ಟ್ರೇಲಿಯಾದಲ್ಲೂ ಮಾರಾಟವಾಗುತ್ತದೆ. ಅಲ್ಲಿ ಅದಕ್ಕೆ ಬ್ರೇಕ್ ಇರುವ ಟ್ರೇಲರಿನ ಮಿತಿ 2500 ಕೆಜಿ ಎಂದು ಎದ್ದು ಕಾಣುವಂತೆ ಪ್ರಕಟಿಸಿದ್ದಾರೆ. ಅಲ್ಲಿ ಕಾರು ಕೊಳ್ಳುವವರು ಬೆಲೆ, ಬಣ್ಣಗಳ ಜೊತೆಗೆ ಈ ಅಂಕಿಯನ್ನೂ ಕೇಳುತ್ತಾರೆ. ಮಾವನ ಕಾರಿನ ಕೈಪಿಡಿಯಲ್ಲಿ, ಅದು ಯಾವ ಕಂಪನಿಯದೆಂಬುದು ಇಲ್ಲಿ ಮುಖ್ಯವಲ್ಲ, ಟ್ರೇಲರ್ ಎಂಬ ಶೀರ್ಷಿಕೆಯ ಕೆಳಗೆ ಇದ್ದದ್ದು ಒಂದೇ ಸಾಲು: ಡೀಲರನ್ನು ಸಂಪರ್ಕಿಸಿ. ಡೀಲರ್ ಕೇಳಿದ ಪ್ರಶ್ನೆ: "ಕೊಂಡಿ ಹಾಕಿಸಬೇಕಾ ಸರ್?"

ನಮ್ಮ ಕಾನೂನಿಗೆ ಟ್ರೇಲರ್ ಅಪರಿಚಿತವೇನಲ್ಲ. 1988ರ ಮೋಟಾರು ವಾಹನ ಕಾಯ್ದೆ ಮೋಟಾರು ವಾಹನ ಎಂಬುದಕ್ಕೆ ಕೊಡುವ ವ್ಯಾಖ್ಯೆಯಲ್ಲಿ ಟ್ರೇಲರೂ ಸೇರಿದೆ. ಮೋಟಾರೇ ಇಲ್ಲದ ಮೋಟಾರು ವಾಹನ! ಭಾಷಾಶಾಸ್ತ್ರ ಓದಿದ ನನಗೆ ಇದನ್ನು ಕಂಡು ನಗು ಬಂತು, ಆದರೆ ಇದರಲ್ಲಿ ವಿವೇಕವಿದೆ. ರಸ್ತೆಯ ಮೇಲೆ ಆ ತೂಕ ಏನು ಮಾಡಬಲ್ಲದು ಎಂಬುದೇ ಮುಖ್ಯ, ಅದಕ್ಕೆ ಎಂಜಿನ್ ಇದೆಯೇ ಎಂಬುದಲ್ಲ. ಹಾಗಾಗಿ ಟ್ರೇಲರಿಗೂ ನೋಂದಣಿ ಬೇಕು. ಎಳೆಯುವ ಗಾಡಿಯ ಸಂಖ್ಯೆ ಟ್ರೇಲರಿನ ಮೇಲೂ ಕಾಣಬೇಕು ಎನ್ನುತ್ತದೆ ಅದೇ ಕಾಯ್ದೆಯ 61ನೇ ಕಲಮು. ನೋಂದಣಿ ಪತ್ರದ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ ಎನ್ನುತ್ತದೆ 52ನೇ ಕಲಮು. ಗ್ಯಾರೇಜಿನಲ್ಲಿ ಒಂದು ಮಧ್ಯಾಹ್ನದಲ್ಲಿ ಬೆಸೆದು ಕೊಡುವ ಕೊಂಡಿಗೆ ಒಪ್ಪುವ ಮೊದಲು ಆರ್‌ಟಿಒ ಕಚೇರಿಯನ್ನೂ ವಿಮೆಯವರನ್ನೂ ಬರವಣಿಗೆಯಲ್ಲಿ ಕೇಳುವುದು ಒಳ್ಳೆಯದು.

ಮಹಾರಾಷ್ಟ್ರ ಸರ್ಕಾರ 2021ರಲ್ಲಿ ಕಾರವಾನ್ ಪ್ರವಾಸೋದ್ಯಮ ನೀತಿಯೊಂದನ್ನು ತಂದಿತು. ಅದರಲ್ಲಿ ಒಂದು ಅಚ್ಚಿನ ಕಾರವಾನ್, ಎರಡು ಅಚ್ಚಿನ ಕಾರವಾನ್, ಟೆಂಟ್ ಟ್ರೇಲರ್, ಮಡಚುವ ಕಾರವಾನ್ ಎಂದೆಲ್ಲ ವಿಧಗಳನ್ನು ಹೆಸರಿಸಿದ್ದಾರೆ. ಕೇರಳವೂ ಅದೇ ವರ್ಷ ಇಂಥದೇ ಯೋಜನೆ ಘೋಷಿಸಿತು. ನಿಲ್ಲಿಸಲು ಜಾಗ, ನೀರು, ವಿದ್ಯುತ್ತು ಕೊಡುವ ಕಾರವಾನ್ ಪಾರ್ಕುಗಳ ಮಾತು ಸಂತೋಷದ್ದೇ. ಆದರೆ ಪಾರ್ಕಿಗೆ ತಲುಪುವ ಮೊದಲು ರಸ್ತೆಯಿದೆ. ನನ್ನ ಬೇಡಿಕೆ ಬಹಳ ಸಣ್ಣದು: ಮಾರಾಟವಾಗುವ ಪ್ರತಿ ಟ್ರೇಲರಿನ ಮೈಮೇಲೆ ಅದರ ತುಂಬಿದ ತೂಕದ ಫಲಕ ಇರಲಿ. ಪ್ರತಿ ದೊಡ್ಡ ಕಾರಿನ ಕೈಪಿಡಿಯಲ್ಲಿ ಮೂರು ಅಂಕಿ ಇರಲಿ: ಬ್ರೇಕ್ ಇರುವ ಟ್ರೇಲರಿನ ಮಿತಿ, ಬ್ರೇಕ್ ಇಲ್ಲದ್ದರ ಮಿತಿ, ಕೊಂಡಿಯ ಮೇಲಿನ ಭಾರದ ಮಿತಿ. ಎಳೆಯಲು ಯೋಗ್ಯವಲ್ಲದ ಕಾರಾದರೆ ಹಾಗೆಂದೇ ಬರೆಯಲಿ. ಓಡಿಸುವವರಿಗೆ ಓದಲು ಬರುವ ಭಾಷೆಯಲ್ಲಿ ಬರೆಯಲಿ.

ಹಾಗಾದರೆ ಮಾವನಿಗೆ ಯಾವ ಗಾಡಿ ಹೇಳಿದೆ? ಮೊದಲು ಟ್ರೇಲರ್ ತೂಗಿಸಿ, ಆಮೇಲೆ ಗಾಡಿ ಹುಡುಕಿ ಎಂದೆ. ಗಾಡಿಯಲ್ಲಿ ನೋಡಬೇಕಾದ್ದನ್ನು ಒಂದು ಕಾಗದದಲ್ಲಿ ಬರೆದುಕೊಟ್ಟೆ. ಟ್ರೇಲರಿಗಿಂತ ಭಾರವಾಗಿರಬೇಕು. ದೇಹವನ್ನು ಪ್ರತ್ಯೇಕ ಉಕ್ಕಿನ ಚೌಕಟ್ಟಿನ ಮೇಲೆ ಕೂರಿಸಿರಬೇಕು, ಏಕೆಂದರೆ ಕೊಂಡಿಯ ಎಳೆತ ನೇರವಾಗಿ ಆ ಚೌಕಟ್ಟಿಗೆ ಹೋಗಬೇಕು. ಎಂಜಿನ್ನಿನ ಬಲ ಹಿಂದಿನ ಗಾಲಿಗಳಿಗೆ ಅಥವಾ ನಾಲ್ಕೂ ಗಾಲಿಗಳಿಗೆ ಹೋಗಬೇಕು. ಕೊಂಡಿಯ ಮೇಲೆ ಭಾರ ಬಿದ್ದಾಗ ಕಾರಿನ ಮುಂಭಾಗ ಹಗುರಾಗುತ್ತದೆ. ಮುಂದಿನ ಗಾಲಿಗಳೇ ಎಳೆಯುವ ಕಾರು ಕೊಂಕಣದ ಮಳೆಯಲ್ಲಿ ಜಾರುತ್ತದೆ. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ ಉದ್ದವಿದ್ದಷ್ಟೂ ಬಾಲದ ಹೊಡೆತ ಕಡಿಮೆ. ಆಟೊಮ್ಯಾಟಿಕ್ ಆದರೂ ಕೈಯಲ್ಲಿ ಕೆಳಗಿನ ಗೇರ್ ಹಿಡಿದಿಡಲು ಬರಬೇಕು. ಈ ಎಲ್ಲ ಗುಣಗಳೂ ಇರುವ, 2640 ಕೆಜಿಗೆ ತಕ್ಕ ಗಾಡಿಯ ಬೆಲೆ ಟ್ರೇಲರಿನ ಬೆಲೆಯ ಹಲವು ಪಟ್ಟು. ವರ್ಷಕ್ಕೆ ಎರಡು ಸಲ ಎಳೆಯಲು ಅದನ್ನು ಕೊಂಡು, ಉಳಿದ ದಿನವೆಲ್ಲ ಡೊಂಬಿವಲಿಯ ಸ್ಟೇಷನ್ ರಸ್ತೆಯಲ್ಲಿ ತರಕಾರಿಗೆ ಓಡಿಸಬೇಕು. ಟ್ರೇಲರಂತೂ ಸೊಸೈಟಿಯ ಒಂದು ಕಾರಿನ ಜಾಗದಲ್ಲಿ ಹಿಡಿಸುವುದಿಲ್ಲ. ಕಮಿಟಿಯ ಸೆಕ್ರೆಟರಿಯ ಮುಖವನ್ನು ನೆನೆಸಿಕೊಂಡರೆ ಸಾಕು.

ಅದಕ್ಕೆ ನನ್ನ ಅಭಿಪ್ರಾಯ ಇದು. ಮುಂಬಯಿಯಲ್ಲಿ ವಾಸಿಸುವ, ಘಟ್ಟ ದಾಟಿ ಹೋಗುವ ಕುಟುಂಬಕ್ಕೆ ದೊಡ್ಡ ಟ್ರೇಲರ್ ಸರಿಯಲ್ಲ. ಟ್ರೇಲರೇ ಬೇಕೆಂದರೆ ಒಂದು ಅಚ್ಚಿನ, ತುಂಬಿದರೂ ಒಂದು ಟನ್ ದಾಟದ, ಬ್ರೇಕ್ ಕೆಲಸ ಮಾಡುವ ಸಣ್ಣದು ಸಾಕು. ಶೌಚಾಲಯ ಮತ್ತು ಮಂಚವೇ ಮುಖ್ಯವಾದರೆ ವ್ಯಾನಿನ ಮೇಲೇ ಕಟ್ಟಿದ ಕಾರವಾನನ್ನು ಚಾಲಕನ ಸಮೇತ ಬಾಡಿಗೆಗೆ ತೆಗೆದುಕೊಳ್ಳಬಹುದು. ಅದರಲ್ಲಿ ಕೊಂಡಿಯಿಲ್ಲ, ಮುಂಭಾರ, ಹಿಂಭಾರಗಳ ತಲೆನೋವಿಲ್ಲ, ಬ್ರೇಕುಗಳನ್ನು ಆ ತೂಕಕ್ಕೆಂದೇ ಮಾಡಿರುತ್ತಾರೆ. ದೊಡ್ಡ ಟ್ರೇಲರಿನ ಮೇಲೆಯೇ ಮನಸ್ಸಿದ್ದರೆ ಅದನ್ನು ಒಂದೇ ಸಲ, ತಕ್ಕ ಲಾರಿಯಲ್ಲಿ, ಬಲ್ಲವರ ಕೈಯಲ್ಲಿ ಊರಿಗೆ ಸಾಗಿಸಿ ತೋಟದಲ್ಲಿ ನಿಲ್ಲಿಸಿಬಿಡಿ.

ಭಾರ ಸಾಗಿಸುವುದೇ ಕಸುಬಾದವರು ಇಂಥದೇ ಒಂದು ದಾರಿ ಹಿಡಿದು ದಶಕಗಳಾದವು. ಕೊಂಕಣ ರೈಲ್ವೆ 1999ರಲ್ಲಿ ಲಾರಿಗಳನ್ನೇ ರೈಲಿನ ಚಪ್ಪಟೆ ಡಬ್ಬಿಗಳ ಮೇಲೆ ಹತ್ತಿಸಿ ಸಾಗಿಸುವ ರೋ-ರೋ ಸೇವೆ ಆರಂಭಿಸಿತು. ಕೋಲಾಡಿನಲ್ಲಿ ಹತ್ತಿದ ಲಾರಿ ಗೋವಾದ ವೆರ್ಣಾದಲ್ಲೋ ನಮ್ಮ ಸುರತ್ಕಲ್‌ನಲ್ಲೋ ಇಳಿಯುತ್ತದೆ. ಚಾಲಕ ದಾರಿಯುದ್ದಕ್ಕೂ ತನ್ನ ಲಾರಿಯಲ್ಲೇ ಮಲಗುತ್ತಾನೆ. ಕೋಲಾಡಿನಿಂದ ವೆರ್ಣಾಕ್ಕೆ ಕಾರುಗಳನ್ನೂ ಹೀಗೆ ಸಾಗಿಸುವ ಸೇವೆಯನ್ನು 2025ರ ಚೌತಿಯ ಸಮಯದಲ್ಲಿ ಶುರು ಮಾಡಿದರು. ಎಳೆಯುವುದೇ ವೃತ್ತಿಯಾದವರೂ ಘಟ್ಟದ ದಾರಿಯಲ್ಲಿ ಇನ್ನೊಬ್ಬರಿಂದ ಎಳೆಸಿಕೊಳ್ಳುವುದನ್ನು ಅವಮಾನ ಎಂದುಕೊಳ್ಳಲಿಲ್ಲ.

"ಟ್ರೇಲರ್ ಊರಲ್ಲಿರಲಿ ಮಾವ, ನೀವು ಅತ್ತೆ ಮತ್ಸ್ಯಗಂಧದಲ್ಲಿ ಹೋಗಿ. ಬೆಳಗ್ಗೆ ಕುಂದಾಪುರದಲ್ಲಿ ಇಳಿಯಿರಿ" ಎಂದೆ. ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಿಂದ ಹೊರಡುವ ಆ ರೈಲಿನ ಹೆಸರು ಕೇಳಿದರೆ ಮುಂಬಯಿಯ ಕರಾವಳಿ ಕನ್ನಡಿಗರಿಗೆ ಅರ್ಧ ಊರು ಬಂದಂತೆ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಅಲ್ದಾ ಹೆಣೆ, ಊರಗೆ ಮನೆಯೇ ಇತ್ತಲೆ. ಮತ್ತೆ ಈ ಡಬ್ಬಿ ಎಂತಕೆ?"

ಅತ್ತೆ ಒಳಗಿನಿಂದ ನಕ್ಕದ್ದು ಕೇಳಿಸಿತು. ವ್ಯಾಪಾರ ಮುರಿಯಿತು. ಮುಂಗಡವಾಗಿ ಕೊಟ್ಟಿದ್ದ ಹಣದಲ್ಲಿ ಅರ್ಧ ವಾಪಸು ಬಂದಿದೆ, ಉಳಿದರ್ಧಕ್ಕೆ ಮಾವ ಇನ್ನೂ ಫೋನು ಮಾಡುತ್ತಿದ್ದಾರೆ. ಅವರ ಆಸೆಯನ್ನು ನಾನು ಸಣ್ಣದು ಮಾಡಿದೆನೇ ಎಂದು ಒಮ್ಮೊಮ್ಮೆ ಅನಿಸುತ್ತದೆ. ಮೂವತ್ತೈದು ವರ್ಷ ಗಲ್ಲಾದ ಹಿಂದೆ ಕೂತವರಿಗೆ ರಸ್ತೆಯ ಮೇಲೆ ತಮ್ಮದೇ ಒಂದು ಮನೆ ಬೇಕೆನಿಸಿದ್ದರಲ್ಲಿ ತಪ್ಪೇನಿದೆ? ಈ ಚಳಿಗಾಲದಲ್ಲಿ ಒಂದು ವಾರಕ್ಕೆ ಬಾಡಿಗೆ ಕಾರವಾನ್ ಗೊತ್ತು ಮಾಡುವುದಾಗಿ ಮಾತು ಕೊಟ್ಟಿದ್ದೇನೆ.

ನನ್ನ ಪಾಲಿನ ತಪ್ಪು ಮಾತ್ರ ಇನ್ನೂ ತಿದ್ದಿಲ್ಲ. "ಎಳೆಯುವ ಸಾಮರ್ಥ್ಯ" ಎಂಬುದನ್ನು "ಎಳೆಯಬಹುದಾದ ಭಾರದ ಮಿತಿ" ಎಂದು ಬದಲಿಸಿ ಎಂದು ಏಜೆನ್ಸಿಗೆ ಬರೆದೆ. ಪದಪಟ್ಟಿಯನ್ನು ಗ್ರಾಹಕರು ಒಪ್ಪಿ ಆಗಿದೆ, ಮುಂದಿನ ಆವೃತ್ತಿಯಲ್ಲಿ ನೋಡೋಣ ಎಂಬ ಉತ್ತರ ಬಂದಿದೆ. ಅಲ್ಲಿಯವರೆಗೆ, ನಿಮ್ಮ ಕಾರಿನ ಕನ್ನಡ ಕೈಪಿಡಿಯಲ್ಲಿ ಸಾಮರ್ಥ್ಯ ಎಂಬ ಪದದ ಮುಂದೆ ಒಂದು ಅಂಕಿ ಕಂಡರೆ, ದಯವಿಟ್ಟು ಅದನ್ನು ಮಿತಿ ಎಂದೇ ಓದಿಕೊಳ್ಳಿ.